ಎಕರೆಗೆ ಮೂರು ಟನ್

2014ರ ಜೂನ್. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಅಪ್ಪ ಟಿಕೋಟಾದಿಂದ ಪುಣೆಗೆ ಬಂದಿದ್ದ. ಏಪ್ರಿಲ್ ಚಾಟ್ನಿ ಮುಗಿದು, ದ್ರಾಕ್ಷಿ ಪಡದಲ್ಲಿ ಒಂದಿಷ್ಟು ಬಿಡುವಿದ್ದ ಕಾಲ. ಚಾಟ್ನಿ ಅಂದರೆ ಬಳ್ಳಿ ಸವರುವುದು, ಪಡ ಅಂದರೆ ದ್ರಾಕ್ಷಿ ತೋಟ. ವಿಜಯಪುರದ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ. ಪಟ್ಟಿ ಬಿಚ್ಚಿದ ಮೂರನೇ ದಿನ, ಹೊಸ ಕಣ್ಣಿನ ಉಮೇದಿನಲ್ಲಿ ಮನೆಯ ಒಂದೊಂದೇ ಸಾಮಾನನ್ನು ಎತ್ತಿ ನೋಡುತ್ತಿದ್ದವನ ಕೈಗೆ, ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ನಾನು ಬಚ್ಚಿಟ್ಟಿದ್ದ ಎರಡು ಬಾಟಲಿಗಳು ಸಿಕ್ಕವು.

ನಮ್ಮದು ಕುಡಿತವನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳದ ಮನೆ. ನಲವತ್ತರ ಹತ್ತಿರ ಬಂದಿದ್ದ ನಾನು ಹತ್ತನೇ ಕ್ಲಾಸಿನ ಹುಡುಗನಂತೆ ಬಾಗಿಲಲ್ಲಿ ನಿಂತೆ. ಅಪ್ಪ ಬೈಯಲಿಲ್ಲ. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದ.

"ಇದು ದ್ರಾಕ್ಷಿದ?"

"ಹೌದಪಾ. ಇಟಲಿದು. ಆಫೀಸ್ ಕೆಲಸಕ್ಕ ಹೋಗಿದ್ನೆಲ್ಲ, ಅಲ್ಲಿಂದ ತಂದೀನಿ."

"ಯಾ ತಳಿ?"

"ನೆಬ್ಬಿಯೊಲೊ ಅಂತಾರ."

"ಎಕರೆಕ್ಕ ಎಷ್ಟ ಟನ್ ಹೊಂಡತೈತಿ?"

ನನಗೆ ಗೊತ್ತಿರಲಿಲ್ಲ. ಅದರ ಬಣ್ಣ ತಿಳಿಗೆಂಪು ಎಂದು ಗೊತ್ತಿತ್ತು. ಗುಲಾಬಿಯ ಜೊತೆ ಡಾಂಬರಿನ ವಾಸನೆ ಇರುತ್ತದೆಂದು ಬಲ್ಲವರು ಹೇಳುವುದು ಗೊತ್ತಿತ್ತು. ಒಂದು ಬಾಟಲಿಗೆ ಕೊಟ್ಟ 40 ಯೂರೋ ಅಂದಿನ ಲೆಕ್ಕಕ್ಕೆ ಮೂರು ಸಾವಿರ ರೂಪಾಯಿ ದಾಟುತ್ತದೆ ಎಂಬುದಂತೂ ಚೆನ್ನಾಗಿ ಗೊತ್ತಿತ್ತು. ರಾತ್ರಿ ಕೂತು ಹುಡುಕಿದೆ. ಬರೋಲೊ ಎಂಬ ಹೆಸರು ಹಾಕಿಕೊಳ್ಳುವ ವೈನ್‌ಗೆ ಹೆಕ್ಟೇರಿಗೆ 8 ಟನ್‌ಗಿಂತ ಹೆಚ್ಚು ದ್ರಾಕ್ಷಿ ಬೆಳೆಯುವಂತಿಲ್ಲ ಎಂದು ಅಲ್ಲಿ ಕಾನೂನೇ ಇದೆ. ಎಕರೆಗೆ ಮೂರು ಟನ್ ಮತ್ತು ಸ್ವಲ್ಪ. ಬೆಳಿಗ್ಗೆ ಚಹಾ ಕುಡಿಯುವಾಗ ಹೇಳಿದೆ. ಒಳ್ಳೆಯ ವರ್ಷ ಎಕರೆಗೆ ಹತ್ತು ಟನ್ ತೆಗೆದು, ಒಣಗಿಸಿ ಎರಡೂವರೆ ಟನ್ ಮಣೂಕ ಮಾಡಿ, ಅಷ್ಟಾದರೂ ಸೊಸೈಟಿ ಸಾಲ ಹರಿಯದ ನನ್ನಪ್ಪ ಬಟ್ಟಲು ಕೆಳಗಿಟ್ಟ.

"ಮೂರು ಟನ್ನಿನಾಗ ಅಂವ ಹೆಂಗ ಬದಕತಾನೋ?"

ಇಟಲಿಯ ಕೆಂಪು ವೈನ್ ಸಂಗ್ರಹಿಸುವುದು ಹೇಗೆ, ಯಾವುದರಿಂದ ಶುರುಮಾಡಬೇಕು ಎಂದು ಆಫೀಸಿನ ಹುಡುಗರು ಈಗ ನನ್ನನ್ನು ಕೇಳುತ್ತಾರೆ. ನಾನು ನಿಜವಾಗಿ ಶುರುಮಾಡಿದ್ದು ಅಪ್ಪನ ಆ ಪ್ರಶ್ನೆಯಿಂದ. ಹತ್ತು ವರ್ಷ ಓದಿ, ಎರಡು ಸಲ ಹೋಗಿ ನೋಡಿ ಬಂದ ಮೇಲೆ ನನಗೆ ಸಿಕ್ಕ ಉತ್ತರ ಇದು: ಬಹುಕಾಲ ಅವನು ಬದುಕುತ್ತಲೇ ಇರಲಿಲ್ಲ. ಊರು ಬಿಟ್ಟು ಹೋಗುತ್ತಿದ್ದ.

*

ಊರು ಎಂದರೆ ಲಾಂಗೆ. ಇಟಲಿಯ ವಾಯವ್ಯ ಮೂಲೆಯ ಪಿಯೆಮೊಂತೆ ಪ್ರಾಂತ್ಯದಲ್ಲಿ, ಟ್ಯೂರಿನ್‌ನಿಂದ ದಕ್ಷಿಣಕ್ಕೆ ಆಲ್ಬಾ ಎಂಬ ಪಟ್ಟಣದ ಸುತ್ತಣ ಗುಡ್ಡಗಾಡು. 2013ರಲ್ಲಿ ಕಂಪನಿ ನನ್ನನ್ನು ಐದು ತಿಂಗಳು ಟ್ಯೂರಿನ್‌ಗೆ ಕಳಿಸಿತ್ತು. ನವೆಂಬರಿನ ಒಂದು ಭಾನುವಾರ ರೈಲು ಹಿಡಿದು ಆಲ್ಬಾಕ್ಕೆ, ಅಲ್ಲಿಂದ ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಬರೋಲೊ ಊರಿಗೆ ಹೋದೆ. ದಾರಿಯುದ್ದಕ್ಕೂ ಮಂಜು. ಹತ್ತು ಮಾರು ಮುಂದೆ ಏನೂ ಕಾಣದು. ಗುಡ್ಡ ಏರುತ್ತ ಹೋದಂತೆ ಮಂಜು ಕೆಳಗುಳಿದು, ಬಿಸಿಲಿನಲ್ಲಿ ಸಾಲುಸಾಲು ಬಳ್ಳಿ ತೆರೆದುಕೊಂಡಿತು. ನಮ್ಮಲ್ಲಿ ಚಾಟ್ನಿಯಾದ ಮೇಲೆ ಹೀಗೆ ಮಂಜು ಬಿದ್ದರೆ ಡೌನಿ ರೋಗದ ಹೆದರಿಕೆಗೆ ರೈತ ನಿದ್ದೆಗೆಡುತ್ತಾನೆ. ಅಲ್ಲಿ ಮಂಜಿಗೆ 'ನೆಬ್ಬಿಯಾ' ಎನ್ನುತ್ತಾರೆ. ನೆಬ್ಬಿಯೊಲೊ ಎಂಬ ಹೆಸರು ಬಂದದ್ದೇ ಅದರಿಂದ ಎಂದು ಹಲವರ ಮಾತು.

ಈ ತಳಿ ಹಟಮಾರಿ. ಬೇಗ ಚಿಗುರುತ್ತದೆ, ತಡವಾಗಿ ಹಣ್ಣಾಗುತ್ತದೆ. ಕೊಯ್ಲು ಅಕ್ಟೋಬರಿಗೆ ಹೋಗುತ್ತದೆ. ಚಳಿಗಾಲದ ಕೊನೆಗೆ ಹಿಮ ಮೊದಲು ಕರಗುವ, ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರನ್ನೇ ಅದಕ್ಕೆ ಕೊಡಬೇಕು. 13ನೇ ಶತಮಾನದ ಉತ್ತರಾರ್ಧದಲ್ಲೇ ಟ್ಯೂರಿನ್ ಬಳಿಯ ರಿವೊಲಿ ಕೋಟೆಯ ಲೆಕ್ಕಪತ್ರದಲ್ಲಿ ಇದರ ಹೆಸರಿದೆ. ಲಾ ಮೊರ್ರಾ ಎಂಬ ಹಳ್ಳಿಯ 1431ರ ಕಟ್ಟಳೆಗಳಲ್ಲಿ ನೆಬ್ಬಿಯೊಲೊ ಬಳ್ಳಿ ಕಡಿದವನಿಗೆ ದಂಡ ಹಾಕಬೇಕೆಂದು ಬರೆದಿದೆ. ಬಳ್ಳಿಗೆ ಬೆಲೆಯಿತ್ತು, ಅದನ್ನು ಕಾಯಲು ಕಾನೂನೂ ಇತ್ತು.

ಇವತ್ತು ಬರೋಲೊ ಎಂದರೆ ನಾಲಗೆ ಬಿಗಿಹಿಡಿಯುವಷ್ಟು ಒಗರಾದ, ಸಿಹಿಯೇ ಇಲ್ಲದ, ವರ್ಷಗಟ್ಟಲೆ ಇಟ್ಟು ಕುಡಿಯುವ ವೈನ್. ಮೊದಲು ಹಾಗಿರಲಿಲ್ಲ. ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ 1787ರಲ್ಲಿ ಟ್ಯೂರಿನ್‌ನಲ್ಲಿ ಕುಡಿದ ನೆಬ್ಬಿಯೊಲೊ ಸಿಹಿಯಾಗಿತ್ತು, ತುಸು ನೊರೆಯೂ ಬರುತ್ತಿತ್ತು. ತಡವಾಗಿ ಕೊಯ್ದ ಹಣ್ಣಿನ ರಸ ಅರ್ಧ ಹುದುಗುವಷ್ಟರಲ್ಲಿ ಚಳಿ ಬಿದ್ದು ಹುದುಗು ನಿಂತುಬಿಡುತ್ತಿತ್ತು. ಸಕ್ಕರೆ ಉಳಿಯುತ್ತಿತ್ತು. ವಸಂತದಲ್ಲಿ ಮತ್ತೆ ಹುದುಗಿದರೆ ನೊರೆ. ಇಂಥ ವೈನ್ ದೂರದ ಊರಿಗೆ ಹೋಗಲಾರದು, ಕೆಡುತ್ತದೆ.

ಅದನ್ನು ಬದಲಿಸಿದವರ ಕತೆ ಬಾಟಲಿಗಳ ಹಿಂದಿನ ಚೀಟಿಯಲ್ಲೂ ಪ್ರವಾಸಿ ಕೈಪಿಡಿಗಳಲ್ಲೂ ತಪ್ಪದೆ ಇರುತ್ತದೆ. ಫ್ರಾನ್ಸಿನಲ್ಲಿ ಹುಟ್ಟಿದ ಜೂಲಿಯೆಟ್ ಕೋಲ್ಬೆರ್ ಎಂಬಾಕೆ ಬರೋಲೊದ ಜಮೀನ್ದಾರ ಮನೆತನವಾದ ಫಲ್ಲೆತ್ತಿಗಳ ಸೊಸೆಯಾಗಿ ಬಂದಳು. ಗಂಡ 1838ರಲ್ಲಿ ತೀರಿಕೊಂಡ, ಮಕ್ಕಳಿರಲಿಲ್ಲ. ಟ್ಯೂರಿನ್‌ನ ಹೆಣ್ಣು ಕೈದಿಗಳ ಸ್ಥಿತಿ ಸುಧಾರಿಸಲು ದುಡಿದ ಆ ಹೆಂಗಸು ತನ್ನ ನೆಲಮಾಳಿಗೆಗಳ ವೈನನ್ನೂ ಸುಧಾರಿಸಿದಳು. ಪಕ್ಕದ ಗ್ರಿಂಜಾನೆಯಲ್ಲಿ ಕಾವೂರ್ ಎಂಬ ತರುಣ 1832ರಿಂದ 1849ರವರೆಗೆ ಊರಿನ ಮೇಯರ್ ಆಗಿದ್ದ. 1861ರಲ್ಲಿ ಒಂದುಗೂಡಿದ ಇಟಲಿಯ ಮೊದಲ ಪ್ರಧಾನಿಯಾದವನು ಅವನೇ. ವೈನನ್ನು ಪೂರ್ತಿ ಹುದುಗಿಸಿ ಒಗರಾಗಿಸಿದ ಶ್ರೇಯ ಊದಾರ್ ಎಂಬ ಫ್ರೆಂಚ್ ವ್ಯಾಪಾರಿಗೆ ಸೇರಬೇಕೆಂದು ಬಹುಕಾಲ ಹೇಳುತ್ತಿದ್ದರು. ಈಚಿನ ಸಂಶೋಧಕರು ಕಾವೂರನಿಗಾಗಿ ದುಡಿದ, 1835ರಲ್ಲಿ ವೈನ್ ತಯಾರಿಕೆಯ ಕೈಪಿಡಿ ಪ್ರಕಟಿಸಿದ ಸ್ತಾಲಿಯೆನೊ ಎಂಬ ಇಟಲಿಯವನೇ ಅದನ್ನು ಮೊದಲು ಮಾಡಿದ್ದು ಎನ್ನುತ್ತಾರೆ. ಯಾರೇ ಮಾಡಿರಲಿ, ಟ್ಯೂರಿನ್ ಅರಮನೆಯ ಮೇಜಿನ ಮೇಲೆ ಬರೋಲೊ ಬಂತು. 'ಅರಸರ ವೈನ್, ವೈನ್‌ಗಳ ಅರಸ' ಎಂಬ ಬಿರುದೂ ಬಂತು.

ಇಷ್ಟನ್ನು ಫೋನಿನಲ್ಲಿ ಅಪ್ಪನಿಗೆ ಹೇಳಿದಾಗ ಅವನು ಕೇಳಿದ್ದು ಒಂದೇ. "ಅರಸ ಆತು, ಅರಸಿ ಆತು. ಬಳ್ಳಿ ಚಾಟ್ನಿ ಮಾಡಾಂವ ಯಾರು?"

*

ಚಾಟ್ನಿ ಮಾಡುತ್ತಿದ್ದವನು ಪಾಲಿಗೆ ದುಡಿಯುವ ಒಕ್ಕಲಿಗ, ಇಲ್ಲವೆ ಎರಡು ಮೂರು ಎಕರೆಯ ಸಣ್ಣ ಹಿಡುವಳಿದಾರ. ಬೆಳೆದದ್ದರಲ್ಲಿ ಅರ್ಧ ಒಡೆಯನಿಗೆ. ನವೆಂಬರ್ 11, ಸಂತ ಮಾರ್ಟಿನ್ನನ ದಿನ, ಒಕ್ಕಲುತನದ ಕರಾರು ಮುಗಿಯುತ್ತಿತ್ತು. ಮುಂದುವರಿಸಲಿಲ್ಲವೆಂದರೆ ಗಾಡಿಗೆ ಪಾತ್ರೆ ಪಗಡ ಹೇರಿಕೊಂಡು ಬೇರೆ ಒಡೆಯನ ಹುಡುಕಬೇಕು. ಆ ಕಡೆಯ ಮಾತಿನಲ್ಲಿ 'ಸಂತ ಮಾರ್ಟಿನ್ ಮಾಡುವುದು' ಎಂದರೆ ಮನೆ ಖಾಲಿ ಮಾಡುವುದು ಎಂದೇ ಅರ್ಥ. ನಮ್ಮ ಕಡೆ ಯುಗಾದಿಗೆ ಆಳು ಗೊತ್ತು ಮಾಡುತ್ತಿದ್ದ ಪದ್ಧತಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಲ್ಬಾದಲ್ಲೇ 1922ರಲ್ಲಿ ಹುಟ್ಟಿದ ಬೆಪ್ಪೆ ಫೆನೋಲಿಯೊ 1954ರಲ್ಲಿ 'ಲಾ ಮಲೋರಾ' ಎಂಬ ಪುಟ್ಟ ಕಾದಂಬರಿ ಬರೆದ. ಹಾಳುಬೀಳುವುದು ಎಂಬ ಅರ್ಥದ ಹೆಸರು. ಅಪ್ಪನ ಬಡತನದಿಂದ ಬೇರೆಯವರ ಮನೆಗೆ ವರ್ಷದ ಆಳಾಗಿ ಹೋಗುವ ಹುಡುಗನ ಕತೆ. ಅದನ್ನು ಇಂಗ್ಲಿಷಿನಲ್ಲಿ ಓದಿ ಮುಗಿಸಿದ ರಾತ್ರಿ, ನಾನು ಸಂಗ್ರಹಿಸಬೇಕೆಂದಿದ್ದ ಬಾಟಲಿಗಳ ಚೀಟಿಯ ಮೇಲಿನ ಕೋಟೆ, ಕಿರೀಟಗಳ ಚಿತ್ರ ನೋಡಿ ಸಂಕೋಚವಾಯಿತು.

1879ರಲ್ಲಿ ಇಟಲಿಗೆ ಕಾಲಿಟ್ಟ ಫಿಲಾಕ್ಸೆರಾ ಎಂಬ ಬೇರು ಹೇನು ಮುಂದಿನ ದಶಕಗಳಲ್ಲಿ ಬಳ್ಳಿಗಳನ್ನು ತಿಂದಿತು. ಆಮೇಲೆ ಎರಡು ಮಹಾಯುದ್ಧ. ದ್ರಾಕ್ಷಿ ಉಳಿದ ವರ್ಷಗಳಲ್ಲೂ ಸಣ್ಣ ರೈತ ತಾನೇ ವೈನ್ ಮಾಡಿ ಮಾರುತ್ತಿರಲಿಲ್ಲ. ಪೀಪಾಯಿಗೆ, ನೆಲಮಾಳಿಗೆಗೆ ದುಡ್ಡೆಲ್ಲಿಂದ ಬರಬೇಕು? ಕೊಯ್ದ ಹಣ್ಣನ್ನು ಗಾಡಿಯಲ್ಲಿ ಹೇರಿಕೊಂಡು ಆಲ್ಬಾದ ಚೌಕಕ್ಕೆ ಬರುತ್ತಿದ್ದ. ದಲಾಲರು ಸುತ್ತ ನೋಡಿ ಬೆಲೆ ಹೇಳುತ್ತಿದ್ದರು. ಕೊಯ್ದ ದ್ರಾಕ್ಷಿ ಕಾಯುವುದಿಲ್ಲ. ಹೊತ್ತು ಏರಿದಂತೆ ಬೆಲೆ ಇಳಿಯುತ್ತಿತ್ತು. ಸಂಜೆಗೆ ಕೊಟ್ಟಷ್ಟು ತೆಗೆದುಕೊಂಡು ಮನೆಗೆ ಹೋಗಬೇಕು. ಇದನ್ನು ಓದುವಾಗ ನನಗೆ ಕಂಡದ್ದು ತಾಸಗಾಂವದ ಅಡತ್ ಅಂಗಡಿ. ಚಿಕ್ಕವನಿದ್ದಾಗ ಅಪ್ಪನ ಜೊತೆ ಮಣೂಕದ ಚೀಲ ಹೇರಿದ ಟೆಂಪೋದಲ್ಲಿ ಹೋಗಿದ್ದೆ. ಪ್ಲೇಟಿನಲ್ಲಿ ಹರವಿದ ನಮ್ಮ ಮಾಲನ್ನು ವ್ಯಾಪಾರಿ ಎರಡು ಬೆರಳಿನಲ್ಲಿ ಕೆದರಿ, ಏನೂ ಮಾತಾಡದೆ ಮುಂದಿನ ಪ್ಲೇಟಿಗೆ ಹೋದ. ಅಪ್ಪ ಅವತ್ತು ಹೊಟೇಲಿನಲ್ಲಿ ನನಗೆ ಮಾತ್ರ ಊಟ ಹೇಳಿದ.

ಎರಡನೇ ಮಹಾಯುದ್ಧದ ನಂತರ ಲಾಂಗೆಯ ಹುಡುಗರು ಟ್ಯೂರಿನ್‌ನ ಕಾರ್ಖಾನೆಗಳಿಗೆ ಹರಿದುಹೋದರು. ಆಲ್ಬಾದಲ್ಲೇ 1946ರಲ್ಲಿ ಫೆರೆರೊ ಚಾಕಲೇಟ್ ಕಂಪನಿ ಶುರುವಾಯಿತು. ಸುತ್ತಲ ಗುಡ್ಡಗಳಿಂದ ಕೆಲಸಗಾರರನ್ನು ಕರೆತರಲು ಬಸ್ಸು ಓಡಿಸಿತು. ಹಗಲು ಹೇಜಲ್‌ನಟ್ ಚಾಕಲೇಟು, ಸಂಜೆ ಮತ್ತು ಭಾನುವಾರ ಬಳ್ಳಿ. ಮನೆ ಬಿಡದೆ ಸಂಬಳ ತರಬಲ್ಲ ಆ ಬಸ್ಸಿನಿಂದಲೇ ಎಷ್ಟೋ ದ್ರಾಕ್ಷಿ ತೋಟಗಳು ಉಳಿದವು. ವೈನ್ ಪುಸ್ತಕಗಳಲ್ಲಿ ಮಣ್ಣಿನ ಬಗ್ಗೆ ಅಧ್ಯಾಯಗಳಿರುತ್ತವೆ. ಈ ಬಸ್ಸಿಗೆ ಒಂದು ಸಾಲು ಸಿಕ್ಕರೆ ಹೆಚ್ಚು.

ಕೂನೆಯೊ ಜಿಲ್ಲೆಯ ನೂತೊ ರೆವೆಲ್ಲಿ ಎಂಬ ಲೇಖಕ ಟೇಪ್ ರೆಕಾರ್ಡರ್ ಹಿಡಿದು ಹಳ್ಳಿ ಹಳ್ಳಿ ತಿರುಗಿ, ಮುದುಕರ ಮಾತು ಸಂಗ್ರಹಿಸಿ 1977ರಲ್ಲಿ ಪುಸ್ತಕ ಮಾಡಿದ. ಹೆಸರು 'ಸೋತವರ ಲೋಕ'. 1985ರಲ್ಲಿ ಹೆಂಗಸರ ಮಾತುಗಳ ಇನ್ನೊಂದು ಪುಸ್ತಕ ಬಂತು. ಅದರಲ್ಲಿ ದಕ್ಷಿಣ ಇಟಲಿಯ ಕಲಾಬ್ರಿಯಾದಿಂದ ಲಾಂಗೆಗೆ ಮದುವೆಯಾಗಿ ಬಂದ ಹೆಂಗಸರಿದ್ದಾರೆ. ಯಾಕೆ ಬಂದರು? ಲಾಂಗೆಯ ಹುಡುಗಿಯರಿಗೆ ರೈತ ಬೇಡವಾಗಿದ್ದ. ಕಾರ್ಖಾನೆಯಲ್ಲಿ ಕೆಲಸವಿರುವವನು, ಪೇಟೆಯಲ್ಲಿ ಮನೆಯಿರುವವನು ಬೇಕಿತ್ತು. ಬಳ್ಳಿಯ ಜೊತೆ ಉಳಿದ ಗಂಡಸರು ವಯಸ್ಸು ಮೀರುತ್ತ ಕೂತರು. 'ಬಚಾಲೆ' ಎಂಬ ಮದುವೆ ದಲಾಲರು ಸಾವಿರ ಕಿಲೋಮೀಟರ್ ಆಚೆಯಿಂದ, ಭಾಷೆಯೂ ಸರಿಯಾಗಿ ತಿಳಿಯದ ಬಡ ಹೆಣ್ಣುಮಕ್ಕಳ ಫೋಟೋ ತಂದು ತೋರಿಸಿದರು.

ಈ ಭಾಗ ಓದುವಾಗ ಪುಸ್ತಕ ಮುಚ್ಚಿ ಬಾಲ್ಕನಿಗೆ ಹೋಗಿ ನಿಂತೆ. ನನ್ನ ತಮ್ಮನಿಗೆ ಆಗ ಮೂವತ್ತನಾಲ್ಕು. ಬಿಎ ಮುಗಿಸಿ ಪಡ ನೋಡಿಕೊಂಡು ಊರಲ್ಲಿದ್ದಾನೆ. ಆರು ಎಕರೆ, ಬಾವಿ, ಟ್ರ್ಯಾಕ್ಟರ್, ಒಂದು ದುಶ್ಚಟವಿಲ್ಲ. ಕನ್ಯೆ ನೋಡಲು ಹೋದ ಮನೆಗಳಲ್ಲೆಲ್ಲ ಚಹಾ ಕೊಟ್ಟು, "ಹುಡುಗ ನೌಕರಿ ಮಾಡೂದಿಲ್ಲೇನ್ರಿ?" ಎಂದು ಕೇಳಿ ಕಳಿಸಿದರು. ಅಂಥ ಎರಡು ಮನೆಗಳಲ್ಲಿ ಅಣ್ಣ ಪುಣೆಯಲ್ಲಿ ಐಟಿ ಎಂದು ನನ್ನನ್ನು ತೋರಿಸಲು ಕರೆದೊಯ್ದಿದ್ದರು. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಮದುವೆಯಾಗದ ಹುಡುಗರು ಕನ್ಯೆ ಸಿಗಲೆಂದು ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ ಸುದ್ದಿವಾಹಿನಿಯವರು ತಮಾಷೆ ಮಾಡಿದರು. ತಮ್ಮ ಆ ದಿನ ಫೋನ್ ಮಾಡಿದ್ದ. ಬೇರೆ ಏನೇನೋ ಮಾತಾಡಿ ಇಟ್ಟ.

*

ಹಾಗಾದರೆ ಆ ಗುಡ್ಡಕ್ಕೆ ಬೆಲೆ ಬಂದದ್ದು ಯಾವಾಗ? ಮಣ್ಣು ಅದೇ, ತಳಿ ಅದೇ, ಮಂಜೂ ಅದೇ. ಬದಲಾದದ್ದು ಬಾಟಲಿಯ ಮೇಲಿನ ಹೆಸರು.

ಆಲ್ಬಾದಲ್ಲಿ 1881ರಲ್ಲಿ ವೈನ್ ಶಾಲೆ ಶುರುವಾಯಿತು. ಅದರ ಮುಖ್ಯಸ್ಥ ಡೊಮಿತ್ಸಿಯೊ ಕವಾತ್ಸಾ ಮೊದೆನಾ ಕಡೆಯಿಂದ ಬಂದ ಹೊರಗಿನವನು. ಅವನು 1894ರಲ್ಲಿ ಪಕ್ಕದ ಬಾರ್ಬರೆಸ್ಕೊ ಊರಿನ ಒಂಬತ್ತು ಬೆಳೆಗಾರರನ್ನು ಸೇರಿಸಿ ಸಹಕಾರಿ ಕಟ್ಟಿದ. ಅಲ್ಲಿಯವರೆಗೆ ಆ ಊರಿನ ದ್ರಾಕ್ಷಿ ಬರೋಲೊಗೆ ಹೋಗಿ ಸೇರುತ್ತಿತ್ತು, ಇಲ್ಲವೆ ಬರೇ ನೆಬ್ಬಿಯೊಲೊ ಎಂದು ಮಾರಾಟವಾಗುತ್ತಿತ್ತು. ಮೊದಲ ಸಲ ಬಾಟಲಿಯ ಮೇಲೆ ಊರಿನ ಹೆಸರು ಬಂತು. ಫ್ಯಾಸಿಸ್ಟ್ ಕಾಲದಲ್ಲಿ ಆ ಸಹಕಾರಿ ಮುಚ್ಚಿತು. 1958ರಲ್ಲಿ ಊರಿನ ಪಾದ್ರಿ ಹತ್ತೊಂಬತ್ತು ಸಣ್ಣ ರೈತರನ್ನು ಒಟ್ಟುಗೂಡಿಸಿ ಮತ್ತೆ ಕಟ್ಟಿದ. ಹುಡುಗರು ಊರು ಬಿಡುವುದನ್ನು ತಡೆಯಬೇಕೆಂಬುದು ಅವನ ಆಸೆ. ಮೊದಲ ಮೂರು ವರ್ಷ ವೈನ್ ಮಾಡಿದ್ದು ಚರ್ಚಿನ ನೆಲಮಾಳಿಗೆಯಲ್ಲಿ. ಪ್ರೊದುತ್ತೋರಿ ದೆಲ್ ಬಾರ್ಬರೆಸ್ಕೊ ಎಂಬ ಆ ಸಹಕಾರಿಯಲ್ಲಿ ಈಗ ಐವತ್ತಕ್ಕೂ ಹೆಚ್ಚು ಸದಸ್ಯರಿದ್ದಾರೆ.

1961ರ ಫಸಲಿನಲ್ಲಿ ಒಂದಿಬ್ಬರು ಒಂದೊಂದೇ ತೋಟದ ಹಣ್ಣನ್ನು ಬೇರೆಯಾಗಿ ವೈನ್ ಮಾಡಿ ತೋಟದ ಹೆಸರನ್ನೇ ಹಾಕಿ ಮಾರಿದರು. 1966ರಲ್ಲಿ ಸರಕಾರ ಬರೋಲೊದ ಗಡಿ ಗುರುತಿಸಿ ಕಾನೂನು ಮಾಡಿತು, 1980ರಲ್ಲಿ ಇನ್ನೂ ಬಿಗಿ ಮಾಡಿತು. ಹನ್ನೊಂದು ಊರುಗಳ ಒಳಗೆ ಬೆಳೆದ ನೆಬ್ಬಿಯೊಲೊಗೆ ಮಾತ್ರ ಆ ಹೆಸರು. ಕೊಯ್ಲಾದ ವರ್ಷದ ನವೆಂಬರ್ 1ರಿಂದ ಎಣಿಸಿ 38 ತಿಂಗಳು ಇಡಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. 'ರಿಸೆರ್ವಾ' ಎಂದು ಬರೆಯಬೇಕಾದರೆ 62 ತಿಂಗಳು.

ಹೊಸ ತಲೆಮಾರು ಇದನ್ನೆಲ್ಲ ಸುಲಭವಾಗಿ ಪಡೆಯಲಿಲ್ಲ. ಎಲಿಯೊ ಅಲ್ತಾರೆ ಎಂಬ ಲಾ ಮೊರ್ರಾದ ರೈತನ ಮಗ 1976ರಲ್ಲಿ ಫ್ರಾನ್ಸಿನ ಬರ್ಗಂಡಿಗೆ ಹೋಗಿ, ಕಾರಿನಲ್ಲೇ ಮಲಗಿ, ಅಲ್ಲಿಯ ದ್ರಾಕ್ಷಿ ರೈತರು ಎಷ್ಟು ಚೆನ್ನಾಗಿ ಬದುಕುತ್ತಿದ್ದಾರೆಂದು ನೋಡಿ ಬಂದ. 1983ರಲ್ಲಿ ಅಪ್ಪನ ಹಳೆಯ ದೊಡ್ಡ ಪೀಪಾಯಿಗಳನ್ನು ಗರಗಸದ ಯಂತ್ರದಿಂದ ಕೊಯ್ದು ಹಾಕಿದ. ಬಾರಿಕ್ ಎಂಬ 225 ಲೀಟರಿನ ಸಣ್ಣ ಫ್ರೆಂಚ್ ಪೀಪಾಯಿಗಳನ್ನು ತಂದ. ಅಪ್ಪ ಅವನಿಗೆ ಆಸ್ತಿ ಬರೆಯಲಿಲ್ಲ. ಎರಡು ವರ್ಷಕ್ಕೆ ಅಪ್ಪ ತೀರಿಕೊಂಡ, ಇಬ್ಬರೂ ಒಂದಾಗಲಿಲ್ಲ. 1986ರಲ್ಲಿ ಯಾರೋ ಅಗ್ಗದ ವೈನ್‌ಗೆ ಮೆಥನಾಲ್ ಬೆರೆಸಿ ಇಟಲಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಜಾಲ ಬಯಲಾದದ್ದು ಲಾಂಗೆಯ ಅಂಚಿನ ಒಂದು ಊರಲ್ಲೇ. ಹೆಸರಿಲ್ಲದ ಅಗ್ಗದ ಮಾಲಿನ ಕಾಲ ಮುಗಿಯಿತೆಂದು ಎಲ್ಲರಿಗೂ ಅರಿವಾಯಿತು.

ಇನ್ನೊಂದು ಕಡೆ ಬರೋಲೊ ಊರಿನ ಬಾರ್ತೊಲೊ ಮಸ್ಕರೆಲ್ಲೊ. ನಾಲ್ಕು ತೋಟದ ಹಣ್ಣು ಬೆರೆಸಿ ದೊಡ್ಡ ಹಳೆಯ ಪೀಪಾಯಿಯಲ್ಲಿ ಇಡುವ ಅಜ್ಜನ ಕಾಲದ ಕ್ರಮವನ್ನು ಅವನು 2005ರಲ್ಲಿ ಸಾಯುವವರೆಗೂ ಬಿಡಲಿಲ್ಲ. ಕೈಯಲ್ಲೇ ಬಣ್ಣ ಹಚ್ಚಿದ ಚೀಟಿಯ ಮೇಲೆ 'ಬಾರಿಕ್ ಬೇಡ, ಬೆರ್ಲುಸ್ಕೋನಿ ಬೇಡ' ಎಂದು ಬರೆದ. ಬೆರ್ಲುಸ್ಕೋನಿ ಎಂದರೆ ಆಗಿನ ದೊಡ್ಡ ರಾಜಕಾರಣಿ. ಸಂಪ್ರದಾಯದವರು, ಹೊಸಬರು ಎಂದು ಸಂಗ್ರಾಹಕರು ಈ ಇಬ್ಬರ ಹೆಸರಿನಲ್ಲಿ ಪಂಗಡ ಕಟ್ಟಿ ಜಗಳಾಡಿದರು. ನನಗೆ ಕಾಣುವುದು ಇಬ್ಬರಲ್ಲೂ ಇದ್ದ ಒಂದೇ ಸಂಗತಿ. ಇಬ್ಬರೂ ಚೌಕದಲ್ಲಿ ಗಾಡಿ ನಿಲ್ಲಿಸಿ ದಲಾಲನಿಗೆ ಕಾಯುವುದನ್ನು ಬಿಟ್ಟು, ತಮ್ಮ ಹಣ್ಣಿಗೆ ತಮ್ಮ ಹೆಸರು ಹಾಕಿದರು.

*

ಈಗ ಆಫೀಸಿನ ಹುಡುಗರ ಪ್ರಶ್ನೆಗೆ ಬರುತ್ತೇನೆ. ಇತಿಹಾಸ ಗೊತ್ತಿದ್ದರೆ ಸಂಗ್ರಹ ಸುಲಭ.

ಮೊದಲು ಬರೋಲೊ ಕೊಳ್ಳಬೇಡಿ. ಅದೇ ಹಣ್ಣಿನ, ಕಡಿಮೆ ಕಾಲ ಇಟ್ಟ 'ಲಾಂಗೆ ನೆಬ್ಬಿಯೊಲೊ' ಕುಡಿದು ಒಗರು ನಾಲಗೆಗೆ ಒಗ್ಗುತ್ತದೋ ನೋಡಿ. ಬರಿಹೊಟ್ಟೆಯಲ್ಲಿ ಬೇಡ, ಅದು ಊಟದ ಜೊತೆಯ ವೈನ್. ಆಮೇಲೆ ಆ ಸಹಕಾರಿಯ ಬಾರ್ಬರೆಸ್ಕೊ. ಹೆಸರುವಾಸಿ ಮನೆತನಗಳ ಬೆಲೆಗೆ ಹೋಲಿಸಿದರೆ ಕೈಗೆಟಕುತ್ತದೆ, ಒಳ್ಳೆಯ ವರ್ಷಗಳಲ್ಲಿ ಒಂಬತ್ತು ತೋಟಗಳ ವೈನನ್ನು ಅವರು ಬೇರೆಬೇರೆಯಾಗಿ ತುಂಬುತ್ತಾರೆ. ಒಂದೇ ಕೈಯ ಕೆಲಸದಲ್ಲಿ ಮಣ್ಣಿನ ವ್ಯತ್ಯಾಸ ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಬರೋಲೊಗೆ ಬಂದಾಗ ಊರು ನೋಡಿ. ಪಶ್ಚಿಮದ ಲಾ ಮೊರ್ರಾ ಕಡೆಯ ನೀಲಿಛಾಯೆಯ ಸುಣ್ಣಮಣ್ಣಿನ ವೈನ್ ಬೇಗ ಮೆತ್ತಗಾಗುತ್ತದೆ. ಪೂರ್ವದ ಸೆರ್ರಾಲುಂಗಾ, ಮೊನ್‌ಫೋರ್ತೆ ಕಡೆಯ ಹಳೆಯ ಗಟ್ಟಿ ಮಣ್ಣಿನದು ಹತ್ತು ಹದಿನೈದು ವರ್ಷ ಕೇಳುತ್ತದೆ. 2010ರಲ್ಲಿ ಅಧಿಕೃತವಾದ ತೋಟಗಳ ಪಟ್ಟಿಯಲ್ಲಿ 181 ಹೆಸರಿವೆ. ಎಲ್ಲವನ್ನೂ ಕಲಿಯಲು ಹೋಗಬೇಡಿ, ಒಂದು ಊರು ಹಿಡಿಯಿರಿ. ವರ್ಷವನ್ನೂ ನೋಡಿ: 2010 ಮತ್ತು 2016 ಬಹುಕಾಲ ಇಡಬಹುದಾದ ವರ್ಷಗಳು, 2014 ಮಳೆಯ ವರ್ಷ, 2017 ಬಿಸಿಲಿನದು. ಒಂದೊಂದು ಬಗೆಯ ಒಂದೊಂದು ಬಾಟಲಿ ಕೂಡಿಹಾಕುವುದಕ್ಕಿಂತ ಒಂದೇ ವೈನಿನ ಮೂರು ಬಾಟಲಿ ಕೊಂಡು ನಾಲ್ಕೈದು ವರ್ಷಕ್ಕೊಂದು ತೆಗೆಯಿರಿ. ಕಾಲ ಅದಕ್ಕೇನು ಮಾಡಿತು ಎಂದು ಆಗಷ್ಟೇ ತಿಳಿಯುತ್ತದೆ.

ಇಡುವ ಜಾಗದಲ್ಲೇ ನಾನು ತಪ್ಪಿದ್ದು. ಹಿಟ್ಟಿನ ಡಬ್ಬಿಯ ಹಿಂದಿದ್ದ ಆ ಎರಡರಲ್ಲಿ ಒಂದು ಪುಣೆಯ ಮುಂದಿನ ಮೇ ತಿಂಗಳಿಗೆ ಬೆಂದುಹೋಯಿತು. ಬೂಚು ಮೇಲೆದ್ದು, ಒಳಗೆ ಕುದಿಸಿದ ಒಣದ್ರಾಕ್ಷಿಯ ವಾಸನೆ. 12ರಿಂದ 15 ಡಿಗ್ರಿ ಕಾಯುವ ಪುಟ್ಟ ವೈನ್ ಕೂಲರ್ ಕೊಳ್ಳದೆ ನಮ್ಮ ಬಿಸಿಲಿನಲ್ಲಿ ಸಂಗ್ರಹದ ಮಾತೇ ಬೇಡ. ಬಾಟಲಿ ಮಲಗಿಸಿಡಿ, ಬೂಚು ಒಣಗಬಾರದು. ನಾನು ಶುರುಮಾಡಿದಾಗ ಆಮದು ಸುಂಕ ಶೇ 150 ಇತ್ತು; ಹಾಗಾಗಿ ಪ್ರವಾಸಕ್ಕೆರಡು, ಸುಂಕವಿಲ್ಲದೆ ತರಬಹುದಾದ ಎರಡು ಲೀಟರಿನೊಳಗೆ. ಹತ್ತು ವರ್ಷಕ್ಕೆ ನನ್ನ ಬಳಿ ಕೂಡಿದ್ದು ಇಪ್ಪತ್ತೆರಡು ಬಾಟಲಿ. ಹಣ ಹೂಡುವವರು ಇದನ್ನು ಸಂಗ್ರಹವೆನ್ನುವುದಿಲ್ಲ.

ಕೊನೆಯದಾಗಿ, ಚೀಟಿಯ ಅತಿ ಸಣ್ಣ ಅಕ್ಷರದ ಸಾಲನ್ನು ಓದಿ. 'ಇಂಬೊತ್ತಿಲಿಯಾತೊ ಅಲ್ಲೊರೀಜಿನೆ' ಎಂದಿದ್ದರೆ ದ್ರಾಕ್ಷಿ ಬೆಳೆದವರೇ, ಅಥವಾ ಬೆಳೆದವರ ಸಹಕಾರಿಯೇ, ವೈನ್ ಮಾಡಿ ತುಂಬಿದ್ದು. ಬರೇ ತುಂಬಿದವನ ಹೆಸರಿದ್ದರೆ ಹಣ್ಣು ಬೇರೆಯವನದಿರಬಹುದು. ವೈನ್ ಎರಡರಲ್ಲೂ ಚೆನ್ನಾಗಿರಬಹುದು. ನಾನು ಮೊದಲನೆಯದನ್ನೇ ಕೊಳ್ಳುತ್ತೇನೆ.

*

ಅಪ್ಪ ಪುಣೆಯಲ್ಲಿದ್ದ ಅದೇ ಜೂನ್‌ನಲ್ಲಿ ಯುನೆಸ್ಕೊ ಲಾಂಗೆಯ ದ್ರಾಕ್ಷಿ ಗುಡ್ಡಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ಅಲ್ಲಿಯ ಒಳ್ಳೆಯ ಇಳಿಜಾರಿನ ಬೆಲೆ ಹೆಕ್ಟೇರಿಗೆ ಹತ್ತು ಲಕ್ಷ ಯೂರೋ ದಾಟಿದೆ. ಕೊಯ್ಲಿಗೆ ಬರುವವರು ಮೆಸಿಡೋನಿಯಾದವರು, ಬಲ್ಗೇರಿಯಾದವರು, ಆಫ್ರಿಕಾದವರು. ಅವರ ಕೂಲಿಯಲ್ಲಿ ಪಾಲು ಕೀಳುವ ಮುಕಾದಮರ ವಿರುದ್ಧ ಇಟಲಿ 2016ರಲ್ಲಿ ಕಾನೂನು ಮಾಡಬೇಕಾಯಿತು. ಊರು ಬಿಟ್ಟವರ ಜಾಗಕ್ಕೆ ಬೇರೆ ಊರು ಬಿಟ್ಟವರು ಬಂದಿದ್ದಾರೆ.

ಅಪ್ಪ 2020ರ ಚಳಿಗಾಲದಲ್ಲಿ ಹೋದ. ಉತಾರದಲ್ಲಿ ಈಗ ನಮ್ಮಿಬ್ಬರ ಹೆಸರಿದೆ. ಈ ಮೇ ತಿಂಗಳಲ್ಲಿ ತಮ್ಮ ಪುಣೆಗೆ ಬಂದ. ಸೋಲಾರ್ ಕಂಪನಿಯೊಂದು ನಮ್ಮ ಜಮೀನನ್ನು ಲಾವಣಿಗೆ ಕೇಳುತ್ತಿದೆ, ಇಪ್ಪತ್ತೆಂಟು ವರ್ಷದ ಕರಾರು, ನನ್ನ ಸಹಿ ಬೇಕು. ಕಳೆದ ವರ್ಷ ಮಣೂಕದ ದರ ಬಿದ್ದದ್ದು, ಔಷಧಿಯ ಉದ್ರಿ, ಎಲ್ಲ ಹೇಳಿದ. ನಾನು ಬರೋಲೊದ ಕತೆ ಹೇಳಿದೆ: ಸಹಕಾರಿ, ಹೆಸರು, ಚಾಕಲೇಟ್ ಫ್ಯಾಕ್ಟರಿಯ ಬಸ್ಸು. ನಮ್ಮ ಮಣೂಕವನ್ನೂ ನಮ್ಮ ಹೆಸರಿನ ಪ್ಯಾಕೆಟ್ಟಿನಲ್ಲಿ ಮಾರಿದರೆ?

ಅವನು ಪೂರ್ತಿ ಕೇಳಿಸಿಕೊಂಡ. "ಖರೇನ ಛಲೋ ಕತಿ ಐತಿ ಅಣ್ಣಾ. ಅವರು ಹೆಸರು ಮಾಡಾಕ ಎಷ್ಟ ವರ್ಷ ಆತು?"

"ಮೂವತ್ತು. ನಲವತ್ತು ಅನ್ನು."

"ನಂಗ ಈಗ ನಲವತ್ತು."

ನನ್ನ ಬಳಿ ಉತ್ತರವಿರಲಿಲ್ಲ. ಎದ್ದು ಹೋಗಿ 2015ರಲ್ಲಿ ತಂದಿದ್ದ 2010ರ ಸೆರ್ರಾಲುಂಗಾ ಬಾಟಲಿ ತೆಗೆದೆ. ಹದಿನಾಲ್ಕು ವರ್ಷದ್ದು, ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ತಮ್ಮ ಕುಡಿಯುವವನಲ್ಲ. ಬಲವಂತಕ್ಕೆ ಒಂದು ಗುಟುಕು ಬಾಯಲ್ಲಿಟ್ಟುಕೊಂಡು, ಮಣೂಕದ ರುಚಿ ನೋಡುವಾಗ ಮಾಡುವಂತೆ ಕಣ್ಣು ಮುಚ್ಚಿದ.

"ಒಗರ ಐತಿ. ಬಳ್ಳಿ ಹಳೇದಿರಬೇಕು." ಸ್ವಲ್ಪ ಹೊತ್ತು ಬಿಟ್ಟು ಬಾಟಲಿ ತಿರುಗಿಸಿ ಕೇಳಿದ, "ಬೆಳದಾಂವನ ಹೆಸರು ಇದ್ರಾಗ ಎಲ್ಲಿ ಬರದಾರ?"

ಆ ಸಣ್ಣ ಸಾಲನ್ನು ತೋರಿಸಿದೆ. ಅಕ್ಷರ ಬಾರದ ಭಾಷೆಯ ಅದನ್ನು ಅವನು ಫೋನಿನಲ್ಲಿ ಫೋಟೋ ತೆಗೆದುಕೊಂಡ.

ಮುಂದಿನ ಸೋಮವಾರ ವಿಜಯಪುರಕ್ಕೆ ಹೋಗಿ ನಾಲ್ಕು ಎಕರೆಗೆ ಸಹಿ ಮಾಡಿ ಬಂದೆ. ಬಾವಿಯ ಕಡೆಯ ಎರಡು ಎಕರೆ ಪಡ ಹಾಗೇ ಇದೆ. ಅದನ್ನು ಬಿಡಬೇಕೆಂದು ಹೇಳಿದವನು ನಾನಲ್ಲ, ತಮ್ಮ. ಅಕ್ಟೋಬರ್ ಚಾಟ್ನಿಗೆ ಹದಿನೈದು ದಿನ ರಜೆ ಹಾಕಿದ್ದೇನೆ. ಮ್ಯಾನೇಜರ್ ಇನ್ನೂ ಒಪ್ಪಿಲ್ಲ.